ಮಮಾಲ ಮರದಲ್ಲಿ ಯಾರ ಪಾಲು ಎಷ್ಟು?

ನಮ್ಮ ಕಡೆ ಯಾರಿಗಾದರೂ ಕಣ್ಣು ಹಳದಿಯಾದರೆ ಆಸ್ಪತ್ರೆಗಿಂತ ಮೊದಲು ನೆನಪಾಗುವುದು ನೆಲನೆಲ್ಲಿ. ಬೇರು ಸಮೇತ ಕಿತ್ತು, ತೊಳೆದು, ನುಣ್ಣಗೆ ಅರೆದು, ಮಜ್ಜಿಗೆಯಲ್ಲಿ ಕದಡಿ ಬರಿಹೊಟ್ಟೆಗೆ ಕುಡಿಸುತ್ತಾರೆ. ಎಣ್ಣೆ ಬೇಡ, ಖಾರ ಬೇಡ ಅಂತ ಪಥ್ಯ ಹೇಳುತ್ತಾರೆ. ನಮ್ಮೂರಲ್ಲಿ ಕಾಮಾಲೆಗೆ ಮದ್ದು ಕೊಡುವ ಒಬ್ಬ ಅಜ್ಜಿ ಇದ್ದರು. ಅವರು ನೆಲನೆಲ್ಲಿ ಜೊತೆ ಇನ್ನೂ ಒಂದು ಸೊಪ್ಪು ಸೇರಿಸುತ್ತಿದ್ದರು. ಅದು ಯಾವುದು ಅಂತ ಕೇಳಿದರೆ, "ಹೇಳಿದ್ರೆ ಮದ್ದಿನ ಗುಣ ಹೋಗುತ್ತೆ" ಎನ್ನುತ್ತಿದ್ದರು. ದುಡ್ಡು ಮುಟ್ಟುತ್ತಿರಲಿಲ್ಲ. ಎಲೆ ಅಡಿಕೆ, ತೆಂಗಿನಕಾಯಿ ಇಟ್ಟು ಬರಬೇಕಿತ್ತು, ಅಷ್ಟೇ. ಅವರು ತೀರಿಕೊಂಡು ಬಹಳ ವರ್ಷವಾಯಿತು. ಆ ಇನ್ನೊಂದು ಸೊಪ್ಪು ಯಾವುದು ಅಂತ ಈಗ ಊರಲ್ಲಿ ಯಾರಿಗೂ ಗೊತ್ತಿಲ್ಲ.

ಪೆಸಿಫಿಕ್ ಸಾಗರದ ನಡುವೆ ಸಮೋವಾ ಅಂತ ಒಂದು ದ್ವೀಪ ದೇಶವಿದೆ. 1984ರಲ್ಲಿ ಅಲ್ಲೂ ಒಬ್ಬ ಅಜ್ಜಿ ಕಾಮಾಲೆಗೆ ಮದ್ದು ಕೊಡುತ್ತಿದ್ದರು. ಹೆಸರು ಎಪೆನೇಸಾ ಮೌಇಗೋವಾ. ಅವರ ಮದ್ದು ಮಮಾಲ ಎಂಬ ಚಿಕ್ಕ ಮರದ ಕಾಂಡದ್ದು. ದೂರದಿಂದ ಬಂದ ಒಬ್ಬ ಸಸ್ಯವಿಜ್ಞಾನಿ ಕೇಳಿದಾಗ ಅವರು ಹೇಳಿಬಿಟ್ಟರು. ಯಾವ ಮರ, ಯಾವ ಭಾಗ, ಹೇಗೆ ನೆನೆಸಬೇಕು, ಎಲ್ಲವನ್ನೂ ಹೇಳಿದರು.

ಹೇಳಿದ ಮೇಲೆ ಏನಾಯಿತು ಅನ್ನುವುದೇ ಈ ಲೇಖನದ ವಿಷಯ. ಗಿಡಮೂಲಿಕೆಯ ತಿಳಿವಳಿಕೆ ಯಾರ ಸೊತ್ತು, ಅದರಿಂದ ದುಡ್ಡು ಬಂದರೆ ಯಾರಿಗೆ ಸೇರಬೇಕು ಅಂತ ಜಗತ್ತು 25 ವರ್ಷ ಚರ್ಚೆ ಮಾಡಿ, 2024ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಒಂದು ಒಪ್ಪಂದಕ್ಕೆ ಬಂದಿದೆ. ಆ ಒಪ್ಪಂದದಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ತಿಳಿಯಲು ಈ ಮಮಾಲ ಮರಕ್ಕಿಂತ ಒಳ್ಳೆಯ ದಾರಿ ನನಗೆ ಕಾಣಲಿಲ್ಲ.

ದೋಣಿಯಲ್ಲಿ ಬಂದ ಅರಿಶಿನ

ಸಮೋವಾದವರು ಹುಟ್ಟಾ ಕಡಲಿಗರು. ಅವರ ಹಿರಿಯರು ಸುಮಾರು 2,800 ವರ್ಷಗಳ ಹಿಂದೆ ಪಶ್ಚಿಮದ ದ್ವೀಪಗಳಿಂದ ದೋಣಿಯಲ್ಲಿ ಬಂದು ನೆಲೆಸಿದರು. ದಿಕ್ಸೂಚಿ ಇರಲಿಲ್ಲ. ನಕ್ಷತ್ರ, ಅಲೆಯ ಬೀಸು, ಹಕ್ಕಿ ಹಾರುವ ದಿಕ್ಕು ನೋಡಿಕೊಂಡು ಬಂದರು. 1768ರಲ್ಲಿ ಅಲ್ಲಿಗೆ ಬಂದ ಫ್ರಾನ್ಸಿನ ನಾವಿಕ ಬೂಗನ್‌ವಿಲ್ ಇವರ ದೋಣಿ ನಡೆಸುವ ಚಾಕಚಕ್ಯತೆ ನೋಡಿ ಈ ದ್ವೀಪಗಳಿಗೆ 'ನಾವಿಕರ ದ್ವೀಪಗಳು' ಅಂತಲೇ ಹೆಸರಿಟ್ಟ.

ಆ ದೋಣಿಗಳಲ್ಲಿ ಜನ ಮಾತ್ರ ಬರಲಿಲ್ಲ. ಹೊಸ ನೆಲದಲ್ಲಿ ಏನು ಸಿಗುತ್ತದೋ ಗೊತ್ತಿಲ್ಲ, ಹಾಗಾಗಿ ಊಟಕ್ಕೂ ಮದ್ದಿಗೂ ಬೇಕಾದ ಗಿಡಗಳನ್ನು ಕಟ್ಟಿಕೊಂಡೇ ಹೊರಡುತ್ತಿದ್ದರು. ಕೆಸುವಿನ ಗಡ್ಡೆ, ಹಲಸಿನ ಜಾತಿಯ ದೀವಿಹಲಸು, ತೆಂಗು, ನೋನಿ, ಅರಿಶಿನ. ಹೌದು, ನಮ್ಮ ಅರಿಶಿನವೇ. ಸಮೋವಾದಲ್ಲಿ ಅದಕ್ಕೆ 'ಆಂಗೋ' ಎನ್ನುತ್ತಾರೆ. ಮೈಗೆಲ್ಲ ಹಚ್ಚೆ ಹಾಕಿಸಿಕೊಂಡವರಿಗೆ ಕೊನೆಯಲ್ಲಿ ಎಣ್ಣೆ ಅರಿಶಿನ ಹಚ್ಚುವ ಶಾಸ್ತ್ರ ಅಲ್ಲಿ ಇವತ್ತಿಗೂ ಇದೆ. ಮದುಮಕ್ಕಳಿಗೆ ಅರಿಶಿನ ಹಚ್ಚುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ, ಅಲ್ವಾ? ಇನ್ನು ನೋನಿ. ಈಗ ಕರ್ನಾಟಕದಲ್ಲಿ ಬಾಟಲಿಗೆ ನೂರಾರು ರೂಪಾಯಿ ಕೊಟ್ಟು ಜನ ಕೊಳ್ಳುವ ನೋನಿ ರಸದ ಹಿಂದೆ ಇರುವುದೂ ಪೆಸಿಫಿಕ್ ದ್ವೀಪದವರ ಬಳಕೆಯೇ. ಅಲ್ಲಿ ಅದು ಹಿತ್ತಲ ಗಿಡ.

ತಂದ ಗಿಡಗಳ ಜೊತೆಗೆ, ದ್ವೀಪದಲ್ಲಿ ಮೊದಲೇ ಇದ್ದ ಗಿಡಗಳನ್ನೂ ಅವರು ಒಂದೊಂದಾಗಿ ಕಲಿತರು. ಮಮಾಲ ಅಂಥದ್ದು. ಮುಂದೆ ಹೇಳಲಿರುವ ಮತಲಾಫಿ ಅಂಥದ್ದೇ. ಯಾವುದು ವಿಷ, ಯಾವುದು ಮದ್ದು, ಯಾವುದನ್ನು ಎಷ್ಟು ಕೊಡಬೇಕು ಅಂತ ಹೊಸ ನೆಲದಲ್ಲಿ ಮೊದಲಿನಿಂದ ಕಲಿಯುವುದು ಸುಮ್ನೆ ಮಾತಲ್ಲ. ಆ ಕಲಿಕೆಯನ್ನು ಕಾಪಾಡಿಕೊಂಡು ಬಂದವರು 'ತೌಲಾಸೇಯಾ' ಎಂಬ ನಾಟಿ ವೈದ್ಯರು, ಹೆಚ್ಚಿನವರು ಹೆಂಗಸರು. ತಾಯಿಯಿಂದ ಮಗಳಿಗೆ ಬಾಯಿಮಾತಿನಲ್ಲೇ ದಾಟಿ ಬಂದ ವಿದ್ಯೆ ಅದು.

ಮರ ಒಂದೇ, ಎಲ್ಲ ಮರವೂ ಮದ್ದಲ್ಲ

ಆ ಸಸ್ಯವಿಜ್ಞಾನಿ ಅಮೆರಿಕದ ಪಾಲ್ ಅಲನ್ ಕಾಕ್ಸ್. 1970ರ ದಶಕದಲ್ಲಿ ಧರ್ಮಪ್ರಚಾರಕ್ಕೆ ಅಂತ ಸಮೋವಾಕ್ಕೆ ಹೋಗಿ ಅಲ್ಲಿನ ಭಾಷೆ ಕಲಿತಿದ್ದರು. 1984ರಲ್ಲಿ ಅವರ ತಾಯಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ಅದಾದ ಮೇಲೆ ಹೊಸ ಔಷಧ ಹುಡುಕಲು ಹೆಂಡತಿ ಮಕ್ಕಳ ಸಮೇತ ಮತ್ತೆ ಸಮೋವಾಕ್ಕೆ ಹೋದರು. ಸವಾಯಿ ದ್ವೀಪದ ಪಶ್ಚಿಮದ ತುದಿಯಲ್ಲಿರುವ ಫಲೆಯಾಲುಪೊ ಎಂಬ ಹಳ್ಳಿಯಲ್ಲಿ ಉಳಿದು, ವೈದ್ಯೆಯರ ಪಕ್ಕ ಕೂತು ಬರೆದುಕೊಳ್ಳತೊಡಗಿದರು.

ಮಮಾಲದ ಬಗ್ಗೆ ವೈದ್ಯೆಯರು ಹೇಳಿದ ಒಂದು ಮಾತು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಮಮಾಲದಲ್ಲಿ ಎರಡು ಬಗೆ ಇದೆ, ಮದ್ದಿಗೆ ಬರುವುದು ಒಂದೇ. ಅದರಲ್ಲೂ ಇಂತಿಷ್ಟು ದಪ್ಪಕ್ಕೆ ಬೆಳೆದ ಮರವೇ ಆಗಬೇಕು. ಕೇಳುವವರಿಗೆ ಇದು ಬರೀ ನಂಬಿಕೆಯ ಹಾಗೆ ಕಾಣಬಹುದು. ಆದರೆ ಮುಂದೆ ಪ್ರಯೋಗಾಲಯದಲ್ಲಿ ಬೇರೆಬೇರೆ ಮಮಾಲ ಮರಗಳ ಕಾಂಡ ಅಳೆದು ನೋಡಿದಾಗ, ಔಷಧದ ಅಂಶ ಮರದಿಂದ ಮರಕ್ಕೆ ಬಹಳ ಏರುಪೇರಾಗುವುದು ಕಂಡಿತು. ಕಣ್ಣು ಮುಚ್ಚಿ ಯಾವುದೋ ಒಂದು ಮರ ಕಡಿದು ತಂದಿದ್ದರೆ ಪ್ರಯೋಗಾಲಯಕ್ಕೆ ಏನೂ ಸಿಗದೇ ಹೋಗಬಹುದಿತ್ತು.

ಕಾಕ್ಸ್ ಕಳಿಸಿದ ಮಾದರಿಯನ್ನು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಪರೀಕ್ಷೆ ಮಾಡಿತು. ಅದರಲ್ಲಿ ಎಚ್‌ಐವಿ ವೈರಸ್ಸಿನಿಂದ ಜೀವಕೋಶಗಳನ್ನು ಕಾಪಾಡುವ ಗುಣ ಕಂಡಿತು. ಕಾರಣವಾದ ವಸ್ತು ಪ್ರೋಸ್ಟ್ರಾಟಿನ್. 1992ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಪ್ರೋಸ್ಟ್ರಾಟಿನ್ ಆಗ ಹೊಸದೇನೂ ಆಗಿರಲಿಲ್ಲ. ನ್ಯೂಜಿಲೆಂಡ್‌ನಲ್ಲಿ ದನಕರುಗಳಿಗೆ ವಿಷವಾಗುವ ಒಂದು ಗಿಡದಲ್ಲಿ ಅದನ್ನು ಮೊದಲೇ ಗುರುತಿಸಿದ್ದರು. ಅದು ಸೇರಿದ ರಾಸಾಯನಿಕಗಳ ಮನೆತನಕ್ಕೆ ಗಡ್ಡೆ ಬೆಳೆಸುವ ಕೆಟ್ಟ ಹೆಸರಿತ್ತು. ಪರೀಕ್ಷೆ ಮಾಡಿದಾಗ ಪ್ರೋಸ್ಟ್ರಾಟಿನ್ ಆ ಕೆಲಸ ಮಾಡುವುದಿಲ್ಲ ಅಂತ ಗೊತ್ತಾಯಿತು. ವಿಷದ ಮನೆತನದಲ್ಲಿ ಮದ್ದಾಗಬಲ್ಲ ಒಂದನ್ನು ಹೆಕ್ಕಿ ಕೊಟ್ಟಿದ್ದು ದ್ವೀಪದ ಅಜ್ಜಿಯರ ಆಯ್ಕೆ.

ಎಚ್‌ಐವಿಯ ದೊಡ್ಡ ಕಷ್ಟ ಏನೆಂದರೆ, ಮಾತ್ರೆ ತಗೊಳ್ಳುತ್ತಿದ್ದರೂ ಅದು ಕೆಲವು ಜೀವಕೋಶಗಳ ಒಳಗೆ ಸದ್ದಿಲ್ಲದೆ ಅಡಗಿ ಕೂರುತ್ತದೆ. ಮಾತ್ರೆ ನಿಲ್ಲಿಸಿದರೆ ಮತ್ತೆ ಎದ್ದು ಬರುತ್ತದೆ. ಪ್ರೋಸ್ಟ್ರಾಟಿನ್ ಹಾಗೆ ಅಡಗಿ ಕೂತ ವೈರಸ್ಸನ್ನು ಎಬ್ಬಿಸಿ ಹೊರಗೆ ತರುತ್ತದೆ. ಆಗ ಬೇರೆ ಔಷಧಗಳಿಗೆ ಅದು ಸಿಕ್ಕಿಬೀಳುತ್ತದೆ ಅನ್ನುವುದು ವಿಜ್ಞಾನಿಗಳ ಆಸೆ. ಇದು ಇನ್ನೂ ಆಸೆಯೇ. ಪ್ರೋಸ್ಟ್ರಾಟಿನ್ ಇವತ್ತಿಗೂ ಔಷಧವಾಗಿ ಅಂಗಡಿಗೆ ಬಂದಿಲ್ಲ.

ಶೇ 0.4

ಈಗ ಪಾಲಿನ ಮಾತಿಗೆ ಬರೋಣ. 2001ರಲ್ಲಿ ಏಡ್ಸ್ ರಿಸರ್ಚ್ ಅಲಯನ್ಸ್ ಎಂಬ ಅಮೆರಿಕದ ಸಂಸ್ಥೆ ಸಮೋವಾ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ಪ್ರೋಸ್ಟ್ರಾಟಿನ್‌ನಿಂದ ಸಂಸ್ಥೆಗೆ ಏನಾದರೂ ಲಾಭ ಬಂದರೆ ಅದರಲ್ಲಿ ಶೇ 20 ಸಮೋವಾಕ್ಕೆ. ಅದರ ಒಳಗೆ ಶೇ 12.5 ಸರ್ಕಾರಕ್ಕೆ, ಶೇ 6.7 ಹಳ್ಳಿಗೆ, ಮದ್ದಿನ ವಿಷಯ ಹೇಳಿಕೊಟ್ಟ ಇಬ್ಬರು ವೈದ್ಯೆಯರ ಕುಟುಂಬಗಳಿಗೆ ತಲಾ ಶೇ 0.4.

ಈ ಶೇ 0.4 ಓದಿದಾಗ ಮೊದಲು ಸಿಟ್ಟು ಬರುತ್ತದೆ. ಮದ್ದು ಹೇಳಿದವರಿಗೆ ಇಷ್ಟೇ ಸಾಕಾ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಆಮೇಲೆ ಇನ್ನೊಂದು ಯೋಚನೆ ಬಂತು. ಗಿಡದಿಂದ ಬಂದ ಔಷಧಗಳು ಎಷ್ಟೋ ಇವೆ. ಅವುಗಳ ಮೂಲ ಬಳಕೆ ಹೇಳಿಕೊಟ್ಟ ಹಳ್ಳಿಯವರ ಹೆಸರು ಯಾವ ಒಪ್ಪಂದದಲ್ಲಿದೆ? ಸಸ್ಯ ಸಂಗ್ರಹಾಲಯದಲ್ಲಿ ಒಣಗಿಸಿ ಅಂಟಿಸಿದ ಗಿಡದ ಹಾಳೆ ನೋಡಿ. ಅದನ್ನು ಕಿತ್ತು ತಂದವರ ಹೆಸರು, ತಾರೀಕು, ಊರು ಎಲ್ಲ ಇರುತ್ತದೆ. ಉಪಯೋಗ ಹೇಳಿದವರು ಮಾತ್ರ ಹೆಚ್ಚಿನ ಸಲ 'ಸ್ಥಳೀಯರು'. ಸಮೋವಾದ ಒಪ್ಪಂದದಲ್ಲಿ ಎರಡು ಕುಟುಂಬಗಳಿಗೆ ಜಾಗ ಸಿಕ್ಕಿದ್ದು 1984ರ ನೋಟ್‌ಬುಕ್ಕಿನಲ್ಲಿ ಆ ಹೆಂಗಸರ ಹೆಸರು ಬರೆದಿಟ್ಟಿದ್ದರಿಂದ.

2004ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿನ ಜೇ ಕೀಸ್ಲಿಂಗ್ ಅವರ ತಂಡ, ಪ್ರೋಸ್ಟ್ರಾಟಿನ್ ತಯಾರಿಸುವ ಮಮಾಲದ ವಂಶವಾಹಿಗಳನ್ನು ಹುಡುಕಿ ಸೂಕ್ಷ್ಮಜೀವಿಗಳಿಗೆ ಹಾಕಿ, ಮರ ಕಡಿಯದೇ ಔಷಧ ತಯಾರಿಸುವ ಯೋಜನೆ ಹಾಕಿತು. ಮರದ ವಂಶವಾಹಿಗಳ ಮೇಲೆ ಸಮೋವಾ ದೇಶದ ಹಕ್ಕನ್ನು ಒಪ್ಪಿಕೊಂಡು, ಬರುವ ಆದಾಯವನ್ನು ಅರ್ಧಕ್ಕರ್ಧ ಹಂಚಿಕೊಳ್ಳುವುದಾಗಿ ಸಹಿ ಹಾಕಿತು. ಬಡ ದೇಶಗಳಿಗೆ ಉಚಿತವಾಗಿ ಇಲ್ಲವೇ ತೀರಾ ಕಡಿಮೆ ಬೆಲೆಗೆ ಔಷಧ ಕೊಡಬೇಕು ಎಂಬ ಮಾತೂ ಅದರಲ್ಲಿತ್ತು. ಇಂಥ ಒಪ್ಪಂದಗಳಲ್ಲಿ ನಾನು ಓದಿದ ಮಟ್ಟಿಗೆ ಇದು ತುಂಬಾ ಮರ್ಯಾದೆಯ ಒಪ್ಪಂದ.

ಇಲ್ಲೇ ಒಂದು ತೊಡಕೂ ಇದೆ. 2008ರಲ್ಲಿ ಸ್ಟಾನ್‌ಫೋರ್ಡ್ ವಿಶ್ವವಿದ್ಯಾಲಯದ ಪಾಲ್ ವೆಂಡರ್ ಅವರ ತಂಡ ಪ್ರೋಸ್ಟ್ರಾಟಿನ್ ಅನ್ನು ಪ್ರಯೋಗಾಲಯದಲ್ಲೇ ಸುಲಭವಾಗಿ ತಯಾರಿಸಿ ತೋರಿಸಿತು. ಅದಕ್ಕೆ ಬೇಕಾದ ಕಚ್ಚಾ ವಸ್ತು ಸಿಗುವುದು ಜಾಪಾಳದ ಎಣ್ಣೆಯಿಂದ. ನಮ್ಮ ಹಳೆಯ ಕಾಲದ ಭೇದಿ ಮಾತ್ರೆಯ ಜಾಪಾಳ ಬೀಜವೇ! ಹಾಗಾದರೆ ಮಮಾಲದ ಒಂದು ಚಕ್ಕೆಯೂ ಬೇಕಾಗಿಲ್ಲ. ಮಮಾಲ ಬೇಡವಾದರೆ ಸಮೋವಾಕ್ಕೆ ಪಾಲು ಯಾಕೆ ಅಂತ ನಾಳೆ ಒಂದು ಕಂಪನಿ ಕೇಳಬಹುದು. ಗಿಡ ಒಯ್ಯುವುದನ್ನು ತಡೆಯಲು ಗಡಿ ಇದೆ, ಸುಂಕದ ಕಟ್ಟೆ ಇದೆ, ಕಾನೂನು ಇದೆ. 'ಈ ಕಡೆ ಹುಡುಕಿ, ಇಲ್ಲಿ ಮದ್ದಿದೆ' ಅನ್ನುವ ಸುಳಿವಿಗೆ ಯಾವ ಸುಂಕದ ಕಟ್ಟೆಯೂ ಇಲ್ಲ. ಎಪೆನೇಸಾ ಕೊಟ್ಟಿದ್ದು ಮರವನ್ನಲ್ಲ, ಆ ಸುಳಿವನ್ನು.

ಜಿನೀವಾದಲ್ಲಿ ಆದ ಒಪ್ಪಂದ

2024ರ ಮೇ 24ರಂದು ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಸದಸ್ಯ ದೇಶಗಳು ಒಪ್ಪಿಕೊಂಡ ಹೊಸ ಒಪ್ಪಂದದ ತಿರುಳು ಇಷ್ಟು. ಒಂದು ಸಂಶೋಧನೆ ಯಾವುದಾದರೂ ಗಿಡ, ಪ್ರಾಣಿ ಅಥವಾ ಸೂಕ್ಷ್ಮಜೀವಿಯನ್ನು ಆಧರಿಸಿದ್ದರೆ, ಪೇಟೆಂಟ್‌ಗೆ, ಅಂದರೆ ಆ ಸಂಶೋಧನೆಯ ಮೇಲಿನ ಏಕಸ್ವಾಮ್ಯದ ಹಕ್ಕಿಗೆ ಅರ್ಜಿ ಹಾಕುವವರು ಅದು ಯಾವ ದೇಶದ್ದು ಅಂತ ಹೇಳಬೇಕು. ಅದರ ಬಗ್ಗೆ ಇದ್ದ ಸಾಂಪ್ರದಾಯಿಕ ತಿಳಿವಳಿಕೆಯನ್ನು ಆಧರಿಸಿದ್ದರೆ, ಅದನ್ನು ಕೊಟ್ಟ ಮೂಲನಿವಾಸಿಗಳು ಅಥವಾ ಸ್ಥಳೀಯ ಸಮುದಾಯ ಯಾವುದು ಅಂತಲೂ ಹೇಳಬೇಕು. ಪೇಟೆಂಟ್ ಬಗೆಗಿನ ಅಂತಾರಾಷ್ಟ್ರೀಯ ಒಪ್ಪಂದವೊಂದರಲ್ಲಿ ಮೂಲನಿವಾಸಿಗಳ ಹೆಸರು ಬಂದಿದ್ದು ಸಣ್ಣ ವಿಷಯವಲ್ಲ. 15 ದೇಶಗಳು ಅಧಿಕೃತವಾಗಿ ಸೇರಿದ ಮೇಲೆ ಅದು ಜಾರಿಗೆ ಬರುವಂಥದ್ದು.

ಆದರೆ ಅದರಲ್ಲಿ ಏನಿಲ್ಲ ಅನ್ನುವುದನ್ನೂ ನೋಡಬೇಕು. ಪಾಲು ಕೊಡಬೇಕು ಅಂತ ಅದು ಎಲ್ಲೂ ಹೇಳುವುದಿಲ್ಲ. ಒಪ್ಪಿಗೆ ತಗೊಂಡಿದ್ದೀರಾ ಅಂತ ಕೇಳುವುದಿಲ್ಲ. ಮೂಲ ಹೇಳಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಪೇಟೆಂಟ್ ರದ್ದು ಮಾಡುವ ಹಾಗಿಲ್ಲ, ಮೋಸದ ಉದ್ದೇಶವಿದ್ದರೆ ಮಾತ್ರ ಅದಕ್ಕೆ ದಾರಿ. ಹಳೆಯ ಪೇಟೆಂಟ್‌ಗಳಿಗೆ ಇದು ತಟ್ಟುವುದೂ ಇಲ್ಲ. ಪಾಲಿನ ಮಾತು ಇರುವುದು 2010ರ ನಗೋಯಾ ಒಡಂಬಡಿಕೆಯಲ್ಲಿ. ಅದು 2014ರಿಂದ ಜಾರಿಯಲ್ಲಿದೆ. ಅದಕ್ಕೆ ಸಮೋವಾ ಸೇರಿದೆ, ಭಾರತ ಸೇರಿದೆ. ಔಷಧ ಪೇಟೆಂಟ್‌ಗಳ ದೊಡ್ಡ ಸಂತೆಯಾದ ಅಮೆರಿಕ ಸೇರಿಲ್ಲ. ಅದರ ತಾಯಿ ಒಪ್ಪಂದವಾದ ಜೀವವೈವಿಧ್ಯ ಒಪ್ಪಂದವನ್ನೇ ಅಮೆರಿಕ ಇನ್ನೂ ಒಪ್ಪಿಕೊಂಡಿಲ್ಲ.

ವಂಶವಾಹಿಯ ವಿವರ ಕಂಪ್ಯೂಟರಿನಲ್ಲೇ ಸಿಗುವ ಕಾಲ ಇದು. ಗಿಡ ಮುಟ್ಟದೇ ಅದನ್ನು ಬಳಸಿಕೊಳ್ಳಬಹುದು. ಅದಕ್ಕಾಗಿ 2025ರ ಫೆಬ್ರವರಿಯಲ್ಲಿ ಕ್ಯಾಲಿ ನಿಧಿ ಎಂಬುದನ್ನು ತೆರೆದರು. ಇಂಥ ಮಾಹಿತಿಯಿಂದ ದುಡಿಯುವ ದೊಡ್ಡ ಕಂಪನಿಗಳು ಲಾಭದ ಶೇ 1 ಅಥವಾ ಆದಾಯದ ಶೇ 0.1ರಷ್ಟನ್ನು ಅದಕ್ಕೆ ಹಾಕಬೇಕು, ಅದರಲ್ಲಿ ಕನಿಷ್ಠ ಅರ್ಧ ಮೂಲನಿವಾಸಿಗಳಿಗೆ ಮತ್ತು ಸ್ಥಳೀಯ ಸಮುದಾಯಗಳಿಗೆ ತಲುಪಬೇಕು ಅನ್ನುವುದು ಆಶಯ. ಆದರೆ ಕೊಡುವುದು ಬಿಡುವುದು ಕಂಪನಿಯ ಮನಸ್ಸಿಗೆ ಬಿಟ್ಟಿದ್ದು. ಒತ್ತಾಯ ಇಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮೂಲ ಹೇಳಬೇಕೆಂಬ ನಿಯಮ ಬೇಕೇ ಬೇಕು. ಆದರೆ ಅದು ಕಳ್ಳತನ ಹಿಡಿಯುವ ನಿಯಮ. ತಿಳಿವಳಿಕೆಯನ್ನು ಬದುಕಿಸುವ ನಿಯಮವಲ್ಲ. ಕದ್ದು ಒಯ್ದರು ಅನ್ನುವುದಕ್ಕಿಂತ, ಕೇಳುವವರಿಲ್ಲದೆ ಸತ್ತುಹೋಯಿತು ಅನ್ನುವುದೇ ಜಾಸ್ತಿ ಕಡೆ ನಡೆದಿದೆ. ನಮ್ಮೂರಿನ ಅಜ್ಜಿಯ ಸೊಪ್ಪನ್ನು ಯಾವ ಕಂಪನಿಯೂ ಕದಿಯಲಿಲ್ಲ.

ಬರೆದಿಟ್ಟಿದ್ದು, ಬರೆಯದೇ ಇದ್ದದ್ದು

ಅರಿಶಿನದ ಕಥೆ ನಮ್ಮವರಿಗೆ ನೆನಪಿರುತ್ತದೆ. 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯಕ್ಕೆ, ಗಾಯಕ್ಕೆ ಅರಿಶಿನ ಹಚ್ಚುವುದರ ಮೇಲೆ ಪೇಟೆಂಟ್ ಸಿಕ್ಕಿತ್ತು. ಭಾರತದ ಸರ್ಕಾರಿ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಅದನ್ನು ಪ್ರಶ್ನಿಸಿ, ಹಳೆಯ ಗ್ರಂಥಗಳೂ ಸೇರಿ 32 ದಾಖಲೆಗಳನ್ನು ಮುಂದಿಟ್ಟಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಆ ಗೆಲುವಿನ ಮೇಲೆಯೇ ನಮ್ಮ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಹುಟ್ಟಿಕೊಂಡಿತು.

ಅದೇ ಅರಿಶಿನವನ್ನು ಸಾವಿರಾರು ವರ್ಷ ಹಚ್ಚಿಕೊಂಡ ಸಮೋವಾದವರು ಆ ಪೇಟೆಂಟನ್ನು ಪ್ರಶ್ನಿಸಿದ್ದರೆ ಏನು ತೋರಿಸಬೇಕಿತ್ತು? ಅವರ ಭಾಷೆಗೆ ಲಿಪಿ ಬಂದಿದ್ದೇ 1830ರ ನಂತರ, ಮಿಷನರಿಗಳ ಜೊತೆ. ಬಾಯಿಮಾತು ಪೇಟೆಂಟ್ ಕಚೇರಿಯಲ್ಲಿ ಸಾಕ್ಷಿಯಾಗಿ ನಿಲ್ಲುವುದು ಕಷ್ಟ.

ಇದು ಸಮೋವಾದ ಕಷ್ಟ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಡಿಜಿಟಲ್ ಗ್ರಂಥಾಲಯದಲ್ಲಿರುವುದು ಆಯುರ್ವೇದ, ಯುನಾನಿ, ಸಿದ್ಧದಂಥ ಗ್ರಂಥದ ವಿದ್ಯೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ತಿಳಿವಳಿಕೆ, ಮಲೆನಾಡಿನ ನಾಟಿ ವೈದ್ಯರ ಮದ್ದು ಗ್ರಂಥದಲ್ಲಿಲ್ಲ. ಅವಕ್ಕಾಗಿಯೇ ಪ್ರತಿ ಪಂಚಾಯಿತಿಯಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ, ಅಂದರೆ ಊರಿನ ಗಿಡ, ಪ್ರಾಣಿ, ಅವುಗಳ ತಿಳಿವಳಿಕೆಯ ಪಟ್ಟಿ ಆಗಬೇಕು ಅಂತ ಜೀವವೈವಿಧ್ಯ ಕಾನೂನು ಇದೆ. ಹಸಿರು ನ್ಯಾಯಮಂಡಳಿ 2020ರ ಜನವರಿ ಕೊನೆಯ ಗಡುವು ಹಾಕಿ, ತಪ್ಪಿದರೆ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ ಅಂದಾಗ ದಾಖಲಾತಿ ಓಡತೊಡಗಿತು. ವರ್ಷಗಟ್ಟಲೆ ಪಕ್ಕ ಕೂತು ಕೇಳಬೇಕಾದ ವಿಷಯವನ್ನು ಗಡುವಿಗೆ ಹೆದರಿ ಫಾರಂನಲ್ಲಿ ತುಂಬಿದರೆ ಎಷ್ಟು ಸಿಗುತ್ತದೆ? 2023ರಲ್ಲಿ ಅದೇ ಜೀವವೈವಿಧ್ಯ ಕಾನೂನಿಗೆ ತಿದ್ದುಪಡಿ ಬಂತು. ಗ್ರಂಥದಲ್ಲಿರುವ ಸಾಂಪ್ರದಾಯಿಕ ಜ್ಞಾನ ಬಳಸುವವರಿಗೆ ಪಾಲು ಹಂಚುವುದರಿಂದ ವಿನಾಯಿತಿ ಸಿಕ್ಕಿತು. ಹಳ್ಳಿಯ ಬಾಯಿಮಾತು ಎಲ್ಲಿ ಮುಗಿದು ಗ್ರಂಥ ಎಲ್ಲಿ ಶುರುವಾಗುತ್ತದೆ ಅಂತ ಗೆರೆ ಎಳೆಯುವವರು ಯಾರು ಅನ್ನುವುದು ನನ್ನ ಆತಂಕ.

ನೆಲನೆಲ್ಲಿಗೂ ಒಂದು ಪ್ರಯೋಗಾಲಯದ ಕಥೆ ಇದೆ. ಕಾಮಾಲೆ ತರುವ ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು ನೊಬೆಲ್ ಪಡೆದ ಬರೂಚ್ ಬ್ಲಂಬರ್ಗ್ ಇದರಲ್ಲಿ ಆಸಕ್ತಿ ವಹಿಸಿದ್ದರು. 1988ರಲ್ಲಿ ಮದ್ರಾಸಿನ ತ್ಯಾಗರಾಜನ್ ಅವರ ತಂಡದ ಜೊತೆ ಸೇರಿ, ನೆಲನೆಲ್ಲಿಯಿಂದ ಹಲವು ರೋಗಿಗಳ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಯಿತು ಅಂತ ವರದಿ ಮಾಡಿದರು. ಆಮೇಲೆ ಬೇರೆ ಕಡೆ ಮಾಡಿದ ಪ್ರಯೋಗಗಳಲ್ಲಿ ಆ ಫಲ ಸಿಗಲಿಲ್ಲ. ನೆಲನೆಲ್ಲಿ ಅಂತ ಒಂದೇ ಹೆಸರಲ್ಲಿ ಕರೆಯುವ ಗಿಡಗಳೇ ಹಲವಾರಿವೆ. ಯಾವ ನೆಲದ್ದು, ಯಾವ ಕಾಲದಲ್ಲಿ ಕಿತ್ತಿದ್ದು ಎಂಬುದರ ಮೇಲೂ ಗುಣ ಬದಲಾಗಬಹುದು. ಗುಣವೇ ಇಲ್ಲದಿರಲೂಬಹುದು. 'ಇಷ್ಟು ದಪ್ಪದ ಮಮಾಲವೇ ಆಗಬೇಕು' ಎಂದ ಎಪೆನೇಸಾ ಅವರಂಥವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳದೆ ಬರೀ ಗಿಡದ ಹೆಸರು ಒಯ್ದರೆ, ಯಾವುದು ನಿಜ ಅಂತ ಹೇಳುವುದೇ ಆಗುವುದಿಲ್ಲ.

ಸೂಕ್ಷ್ಮದರ್ಶಕ ದ್ವೀಪದ ಮಗಳ ಕೈಯಲ್ಲಿ

ಈ ವಿಷಯದಲ್ಲಿ ಈಚೆಗೆ ನನಗೆ ತುಂಬಾ ಖುಷಿ ಕೊಟ್ಟ ಸುದ್ದಿ ಮತಲಾಫಿಯದ್ದು. ಅದು ಸಮೋವಾದ ಹಿತ್ತಲಲ್ಲಿ ಬೆಳೆಯುವ ಒಂದು ಪೊದೆ. ಜ್ವರ, ಬಾವು, ಗಾಯಕ್ಕೆ ಅದರ ಹಸಿ ಎಲೆ ಜಜ್ಜಿ ರಸ ಬಳಸುತ್ತಾರೆ. ದೆವ್ವ ಹಿಡಿದು ಬಂದ ಕಾಯಿಲೆಗೂ ಅದೇ ಮದ್ದು. ಈ ಕೊನೆಯ ಬಳಕೆಯ ಕಾರಣಕ್ಕೇ ಓದಿದವರು ಅದನ್ನು ಮೂಢನಂಬಿಕೆ ಅಂತ ಬದಿಗಿಟ್ಟಿರಬಹುದು.

ಸೀಸೀಯೈ ಮೋಲಿಮೌ ಸಮಾಸೋನಿ ಸಮೋವಾದವರೇ ಆದ ವಿಜ್ಞಾನಿ. ನ್ಯೂಜಿಲೆಂಡ್‌ನ ವೆಲ್ಲಿಂಗ್ಟನ್‌ನಲ್ಲಿ ಪಿಎಚ್‌ಡಿ ಮಾಡಿ, ಸಮೋವಾದ ವೈಜ್ಞಾನಿಕ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿರುವವರು. ಅವರು ವೈದ್ಯರು ಮಾಡುವ ಹಾಗೆಯೇ ಹಸಿ ಎಲೆಯ ರಸ ತೆಗೆದು ಪರೀಕ್ಷೆ ಶುರು ಮಾಡಿದರು. ಅದನ್ನು ಮೊದಲು ಯೀಸ್ಟ್ ಮೇಲೆ ಪ್ರಯೋಗಿಸಿದರು. ಬ್ರೆಡ್ ಹಿಟ್ಟು ಉಬ್ಬಿಸುವ ಯೀಸ್ಟೇ. ಅದರ ವಂಶವಾಹಿಗಳನ್ನು ಒಂದೊಂದಾಗಿ ತೆಗೆದ ತಳಿಗಳು ವಿಜ್ಞಾನಿಗಳ ಹತ್ತಿರ ಇರುತ್ತವೆ. ಯಾವ ತಳಿ ಒದ್ದಾಡುತ್ತದೆ ಅಂತ ನೋಡಿದರೆ ಮದ್ದು ಎಲ್ಲಿ ಕೆಲಸ ಮಾಡುತ್ತಿದೆ ಅಂತ ಗೊತ್ತಾಗುತ್ತದೆ. ಮತಲಾಫಿ ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ ಅಂತ ಅಲ್ಲಿ ಕಂಡಿತು. ಆಮೇಲೆ ರೋಗನಿರೋಧಕ ಕೋಶಗಳ ಮೇಲೆ ನೋಡಿದಾಗ, ಬಾವು ಇಳಿಸುವ ಅದರ ಶಕ್ತಿ ಐಬುಪ್ರೊಫೆನ್ ಮಾತ್ರೆಗೆ ಸರಿಸಮ ಅನ್ನುವಷ್ಟಿತ್ತು. ಕೆಲಸ ಮಾಡುವ ಎರಡು ವಸ್ತುಗಳನ್ನೂ ಗುರುತಿಸಿದರು, ರುಟಿನ್ ಮತ್ತು ನಿಕೋಟಿಫ್ಲೋರಿನ್. 2021ರ ಕೊನೆಯಲ್ಲಿ ಈ ಸಂಶೋಧನೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇವೆಲ್ಲ ಜೀವಕೋಶದ ಮಟ್ಟದ ಫಲಿತಾಂಶಗಳು. ಮನುಷ್ಯರ ಮೇಲೆ ಸಾಬೀತಾಗಲು ಇನ್ನೂ ದೂರವಿದೆ. ಆದರೂ 1984ಕ್ಕೂ ಇದಕ್ಕೂ ಇರುವ ಫರಕು ನೋಡಿ. ಆಗ ಅಜ್ಜಿ ಹೇಳಿದರು, ಪರದೇಶದವರು ಬರೆದುಕೊಂಡರು, ಮಾದರಿ ಅಮೆರಿಕಕ್ಕೆ ಹೋಯಿತು, ಪೇಟೆಂಟ್ ಅಲ್ಲಿಯ ಸಂಸ್ಥೆಗಳಿಗೆ ಸಿಕ್ಕಿತು, ಪಾಲಿಗಾಗಿ ಮಾತುಕತೆ ಆಮೇಲೆ ನಡೆಯಿತು. ಈಗ ಪ್ರಶ್ನೆ ಕೇಳುತ್ತಿರುವವರೇ ಆ ಊರಿನವರು. ವೈದ್ಯೆಯ ಮಾತು ಅವರಿಗೆ ಸ್ವಂತ ಭಾಷೆಯಲ್ಲೇ ಅರ್ಥವಾಗುತ್ತದೆ. ಕಾಕ್ಸ್ ಅವರ ಪ್ರಾಮಾಣಿಕತೆ ದೊಡ್ಡದು, ಆದರೆ ಒಳ್ಳೆಯ ಅತಿಥಿಯೊಬ್ಬ ಬರಲಿ ಅಂತ ಕಾಯುವುದು ಒಂದು ವ್ಯವಸ್ಥೆಯಲ್ಲ.

ಮದ್ದು ಎಲ್ಲಿಗೆ ನಿಲ್ಲಬೇಕು

ಇಲ್ಲಿ ಒಂದು ನೋವಿನ ವಿಷಯವನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. 2018ರ ಜುಲೈನಲ್ಲಿ ಸಮೋವಾದಲ್ಲಿ ಲಸಿಕೆ ಹಾಕಿಸಿಕೊಂಡ ಎರಡು ಹಸುಗೂಸುಗಳು ಸತ್ತವು. ಲಸಿಕೆಯ ಪುಡಿಗೆ ನೀರಿನ ಬದಲು ತಪ್ಪಾಗಿ ಬೇರೆ ಔಷಧ ಬೆರೆಸಿದ್ದು ಕಾರಣ. ಸರ್ಕಾರ ಲಸಿಕೆ ನಿಲ್ಲಿಸಿತು, ಜನರ ನಂಬಿಕೆಯೂ ಹೋಯಿತು. ದಡಾರ ಲಸಿಕೆ ಹಾಕಿಸಿಕೊಂಡ ಕೂಸುಗಳ ಪ್ರಮಾಣ ಶೇ 31ರ ಆಸುಪಾಸಿಗೆ ಇಳಿಯಿತು. 2019ರ ಕೊನೆಯಲ್ಲಿ ದಡಾರ ಬಂತು. ಸುಮಾರು 2 ಲಕ್ಷ ಜನರ ದೇಶದಲ್ಲಿ 5,700ಕ್ಕೂ ಹೆಚ್ಚು ಮಂದಿಗೆ ತಗುಲಿ 83 ಜನ ಸತ್ತರು. ಹೆಚ್ಚಿನವು 5 ವರ್ಷದ ಒಳಗಿನ ಮಕ್ಕಳು. ಆಗ ಎಷ್ಟೋ ಮನೆಯವರು ಮಕ್ಕಳನ್ನು ಮೊದಲು ನಾಟಿ ವೈದ್ಯರ ಹತ್ತಿರ ಕರೆದೊಯ್ದರು. ಆಸ್ಪತ್ರೆಗೆ ಬರುವಷ್ಟರಲ್ಲಿ ತಡವಾಗಿತ್ತು.

ಇದನ್ನು ಹಿಡಿದುಕೊಂಡು ನಾಟಿ ಮದ್ದೇ ಸುಳ್ಳು ಎನ್ನುವವರಿದ್ದಾರೆ. ಸಮೋವಾದ ಹಳೆಯ ತಿಳಿವಳಿಕೆಯಲ್ಲೇ ಇದಕ್ಕೊಂದು ಉತ್ತರವಿದೆ. ಅವರು ಕಾಯಿಲೆಗಳನ್ನು ಎರಡು ಮಾಡುತ್ತಾರೆ. 'ಮಾಯಿ ಸಮೋವಾ' ಅಂದರೆ ನಮ್ಮ ನೆಲದ ಕಾಯಿಲೆ. 'ಮಾಯಿ ಪಾಲಾಂಗಿ' ಅಂದರೆ ಬಿಳಿಯರ ಜೊತೆ ಬಂದ ಕಾಯಿಲೆ. ಮೊದಲನೆಯದಕ್ಕೆ ತೌಲಾಸೇಯಾ, ಎರಡನೆಯದಕ್ಕೆ ಆಸ್ಪತ್ರೆ. 1918ರ ನವೆಂಬರಿನಲ್ಲಿ ಆಕ್ಲೆಂಡ್‌ನಿಂದ ಬಂದ ಟಾಲೂನ್ ಎಂಬ ಹಡಗು ಇನ್‌ಫ್ಲುಯೆಂಜಾ ತಂದು, ಸುಮಾರು ಐದರಲ್ಲಿ ಒಬ್ಬರನ್ನು ಬಲಿ ತೆಗೆದುಕೊಂಡಿದ್ದನ್ನು ಕಂಡ ಜನ ಅವರು. ಹಡಗಿನಲ್ಲಿ ಬಂದ ರೋಗಕ್ಕೆ ಕಾಡಿನಲ್ಲಿ ಮದ್ದಿಲ್ಲ ಅನ್ನುವುದು ಅವರಿಗೆ ಪೆಟ್ಟು ತಿಂದೇ ಗೊತ್ತು. ದಡಾರವೂ ಹೊರಗಿನಿಂದ ಬಂದದ್ದೇ. 2019ರಲ್ಲಿ ಆ ಗೆರೆ ಅಳಿಸಿಹೋದದ್ದು ಆಸ್ಪತ್ರೆಯ ಮೇಲಿನ ನಂಬಿಕೆ ಮುರಿದಿದ್ದಕ್ಕೆ. ತನ್ನ ಕೈಯಲ್ಲಿ ಆಗದ್ದು ಯಾವುದು ಅಂತ ತಿಳಿದಿರುವುದು ಒಳ್ಳೆಯ ವೈದ್ಯೆಯ ವಿದ್ಯೆಯಲ್ಲೇ ಸೇರಿದ್ದು. ಆ ವಿದ್ಯೆ ಕಲಿಸುವ ಸರಪಳಿ ತುಂಡಾದಾಗ ಉಳಿಯುವುದು ಬರೀ ಸೊಪ್ಪು.

ಸರಪಳಿ ತುಂಡಾಗಲು ಇನ್ನೂ ಕಾರಣಗಳಿವೆ. ದೇಶದಲ್ಲಿ ಎಷ್ಟು ಸಮೋವಾ ಜನರಿದ್ದಾರೋ ಹತ್ತಿರಹತ್ತಿರ ಅಷ್ಟೇ ಜನ ಈಗ ನ್ಯೂಜಿಲೆಂಡ್‌ನಲ್ಲಿದ್ದಾರೆ. ಆಕ್ಲೆಂಡ್‌ನಲ್ಲೂ ಮೈ ತಿಕ್ಕಿ ಮದ್ದು ಕೊಡುವವರು ಇದ್ದಾರೆ. ಆದರೆ ನ್ಯೂಜಿಲೆಂಡ್‌ನ ವಿಮಾನ ನಿಲ್ದಾಣದಲ್ಲಿ ಹಸಿ ಸೊಪ್ಪು, ಗಡ್ಡೆ ಒಳಗೆ ಬಿಡುವ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಅದಕ್ಕೆ ತಕ್ಕ ಕಾರಣವೂ ಇದೆ, ಹೊರಗಿನ ಕೀಟ ಬಂದರೆ ಅಲ್ಲಿನ ಬೆಳೆ ಹಾಳಾಗುತ್ತದೆ. ದೋಣಿ ತುಂಬ ಗಿಡ ಕಟ್ಟಿಕೊಂಡು ಸಾಗರ ದಾಟಿದವರ ಮೊಮ್ಮಕ್ಕಳು ಹೀಗೆ ಮತಲಾಫಿಯ ಎಲೆಯನ್ನು ಅಜ್ಜಿಯ ಹಿತ್ತಲಲ್ಲೇ ಬಿಟ್ಟು ಹೋಗಬೇಕಾಗಿದೆ.

ಶಾಲೆ ಮತ್ತು ಕಾಡು

ಕೊನೆಗೆ ಫಲೆಯಾಲುಪೊಗೆ ವಾಪಸ್ ಬರುತ್ತೇನೆ. 1980ರ ದಶಕದ ಕೊನೆಯಲ್ಲಿ ಹಳ್ಳಿಗೆ ಸರ್ಕಾರದಿಂದ ಒಂದು ತಾಕೀತು ಬಂತು. ಒಳ್ಳೆಯ ಶಾಲೆ ಕಟ್ಟಿಸಿ, ಇಲ್ಲದಿದ್ದರೆ ಶಿಕ್ಷಕರು ಇರುವುದಿಲ್ಲ. ಹಳ್ಳಿಯ ಹತ್ತಿರ ದುಡ್ಡಿರಲಿಲ್ಲ, ಕಾಡಿತ್ತು. ಮಕ್ಕಳ ಶಾಲೆಗಾಗಿ ಹಿರಿಯರು ಅಳುತ್ತಲೇ ಮರ ಕಡಿಯುವ ಕಂಪನಿಗೆ ಒಪ್ಪಿಗೆ ಕೊಟ್ಟರು. ಯಂತ್ರಗಳು ಬಂದವು. ಶಾಲೆಯ ಹಣ ತಾನು ಒದಗಿಸುತ್ತೇನೆ, ಕಡಿಯುವುದು ನಿಲ್ಲಿಸಿ ಅಂತ ಕಾಕ್ಸ್ ಹಳ್ಳಿಯ ಸಭೆಯ ಮುಂದೆ ನಿಂತು ಕೇಳಿಕೊಂಡರು. ಮುಖ್ಯಸ್ಥರಲ್ಲಿ ಒಬ್ಬರಾದ ಫುಯಿಯೋನೋ ಸೇನಿಯೋ ಕಾಕ್ಸ್ ಜೊತೆ ನಿಂತರು. 1989ರಲ್ಲಿ ಕರಾರು ಆಯಿತು. 30,000 ಎಕರೆ ಕಾಡು, 50 ವರ್ಷ ಕಡಿಯುವ ಹಾಗಿಲ್ಲ. ಕಾಡು ಹಳ್ಳಿಯದೇ. ಮದ್ದಿಗೆ, ದೋಣಿಗೆ, ಮನೆಗೆ ಬೇಕಾದ್ದನ್ನು ಹಳ್ಳಿಯವರು ತೆಗೆದುಕೊಳ್ಳಬಹುದು. 1997ರಲ್ಲಿ ಇಬ್ಬರಿಗೂ ಸೇರಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು.

ಪ್ರೋಸ್ಟ್ರಾಟಿನ್‌ನಿಂದ ಬರುವ ಶೇ 20, ಶೇ 50 ಎಲ್ಲ ಔಷಧ ಮಾರಾಟವಾದರೆ ಬರಬೇಕಾದ ದುಡ್ಡು. ಶಾಲೆ ಮಾತ್ರ ಆಗಲೇ ಎದ್ದು ನಿಂತಿತು. ಮಮಾಲ ಬೆಳೆಯುವ ಕಾಡೂ ಉಳಿಯಿತು. ವೈದ್ಯೆ ಮಗಳ ಕೈ ಹಿಡಿದು ಕರೆದುಕೊಂಡು ಹೋಗಿ, 'ಇದಲ್ಲ, ಅದು, ಆ ದಪ್ಪದ್ದು' ಅಂತ ತೋರಿಸಲು ಒಂದು ಜಾಗ ಉಳಿಯಿತು. ಆ ಕರಾರಿನ 50 ವರ್ಷ 2039ಕ್ಕೆ ಮುಗಿಯುತ್ತದೆ. ಕಾಡನ್ನು ಮುಂದೇನು ಮಾಡಬೇಕು ಅಂತ ಆಗ ಸಭೆಯಲ್ಲಿ ಕೂತು ತೀರ್ಮಾನ ಮಾಡುವವರು, ಇವತ್ತು ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಶಾಲೆಗೆ ಹೋದ ಮಕ್ಕಳು.